ಅಚ್ಚಾದ ಶುಲ್ಕವೂ ತೆರುವ ಶುಲ್ಕವೂ

ಪ್ರತಿವರ್ಷವೂ ಚಳಿಗಾಲ ಸಮೀಪಿಸುತ್ತಿದ್ದಂತೆ, ನ್ಯೂಜೆರ್ಸಿಯಿಂದಲೋ ಬಾಸ್ಟನ್ನಿನ ಸುತ್ತಮುತ್ತಣ ಊರುಗಳಿಂದಲೋ, ಒಮ್ಮೊಮ್ಮೆ ಬೆಂಗಳೂರು ಮೈಸೂರುಗಳಿಂದಲೂ, ಕನ್ನಡಿಗ ತಂದೆತಾಯಿಯರು ಈ ಅಂಕಣಕ್ಕೆ ಬರೆದು ಕೇಳುವ ಪ್ರಶ್ನೆಯೊಂದುಂಟು. ಅಮೆರಿಕದ ಈಶಾನ್ಯ ಪ್ರಾಂತ್ಯಗಳ ಪ್ರಸಿದ್ಧ ಬೋರ್ಡಿಂಗ್ ಶಾಲೆಗಳ ವಾರ್ಷಿಕ ಶುಲ್ಕ, ಊಟ ವಸತಿಗಳೂ ಸೇರಿದಂತೆ, 70,000 ಡಾಲರಿನ ಆಸುಪಾಸಿನಲ್ಲಿದೆಯೆಂದು ಅವರು ಓದಿರುತ್ತಾರೆ. ಅದೇ ಶಾಲೆಗಳಲ್ಲಿ ಸಾಮಾನ್ಯ ಸಂಬಳಗಾರರ ಮಕ್ಕಳೂ, ಸಂಬಳವೇ ನಿಶ್ಚಿತವಲ್ಲದವರ ಮಕ್ಕಳೂ ಓದುತ್ತಿರುವರೆಂಬುದನ್ನೂ ಕೇಳಿರುತ್ತಾರೆ. ಈ ಎರಡು ಸಂಗತಿಗಳು ಒಂದಕ್ಕೊಂದು ಹೇಗೆ ಹೊಂದುತ್ತವೆಂಬುದು ಮಾತ್ರ ಅವರಿಗೆ ತಿಳಿಯದು. ನನ್ನ ಸೋದರಸೊಸೆಯ ಸಂಸಾರ ಮ್ಯಾಸಚೂಸೆಟ್ಸಿನಲ್ಲಿ ನೆಲಸಿದ್ದು, ಆಕೆಯ ಕಿರಿಯ ಮಗ ಇಂಥ ಶಾಲೆಗಳಿಗೆ ಅರ್ಜಿ ಹಾಕಿದ ವರ್ಷ ನಾನು ಅವರ ಮನೆಯಲ್ಲಿಯೇ ಇದ್ದು ಆ ಕಾಗದಪತ್ರಗಳನ್ನೆಲ್ಲ ಅವರೊಡನೆ ಕುಳಿತು ಓದಿದವನಾದ್ದರಿಂದ, ಇದರ ಒಳಹೊರಗನ್ನು ತಕ್ಕಮಟ್ಟಿಗೆ ವಿವರಿಸುವುದು ನನ್ನ ಕರ್ತವ್ಯವೆಂದೇ ಭಾವಿಸಿದ್ದೇನೆ.

ಮೊಟ್ಟಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯೆಂದರೆ, ಶಾಲೆಯ ಪುಸ್ತಿಕೆಯಲ್ಲಿ ಅಚ್ಚಾಗಿರುವ ಶುಲ್ಕ ಎಲ್ಲರಿಗೂ ವಿಧಿಸಿದ ಬೆಲೆಯಲ್ಲ. ಯಾರಿಂದಲೂ ಅದಕ್ಕಿಂತ ಹೆಚ್ಚಾಗಿ ಕೇಳುವುದಿಲ್ಲವೆಂಬ ಮೇಲ್ಮಿತಿ. ಆಂಡೋವರಿನ ಫಿಲಿಪ್ಸ್ ಅಕಾಡೆಮಿಯಲ್ಲಿಯೂ ಎಕ್ಸಿಟರಿನ ಫಿಲಿಪ್ಸ್ ಅಕಾಡೆಮಿಯಲ್ಲಿಯೂ ಹೆಚ್ಚುಕಡಮೆ ಅರ್ಧದಷ್ಟು ವಿದ್ಯಾರ್ಥಿಗಳು ಒಂದಲ್ಲ ಒಂದು ಪ್ರಮಾಣದ ಧನಸಹಾಯ ಪಡೆದು ಓದುತ್ತಿರುವವರು. ಇನ್ನೂ ವಿಶೇಷವೆಂದರೆ, ಆ ಮೇಲ್ಮಿತಿಯನ್ನು ಪೂರ್ಣವಾಗಿ ತೆತ್ತ ಶ್ರೀಮಂತನೂ ತನ್ನ ಮಗುವಿನ ವಿದ್ಯಾಭ್ಯಾಸಕ್ಕಾಗಿ ಶಾಲೆ ಮಾಡುವ ವೆಚ್ಚದ ಸಂಪೂರ್ಣ ಭಾರವನ್ನು ಹೊತ್ತಿರುವುದಿಲ್ಲ. ಉಳಿದದ್ದನ್ನು ಗತಿಸಿದವರ ಔದಾರ್ಯವೂ ಬದುಕಿರುವ ಹಳೆಯ ವಿದ್ಯಾರ್ಥಿಗಳ ವಾರ್ಷಿಕ ಕಾಣಿಕೆಯೂ ಹೊರುತ್ತವೆ. ಹೀಗಾಗಿ ಸಹಾಯ ಪಡೆಯುವವನು, ಪಡೆಯದಿರುವವನು ಎಂಬ ಭೇದ ಅಲ್ಲಿ ಪ್ರಮಾಣದ ಭೇದವೇ ಹೊರತು ಜಾತಿಯ ಭೇದವಲ್ಲ.

ಈ ಹಣದ ಮೂಲ ದತ್ತಿನಿಧಿ. ಮೇಲೆ ಹೇಳಿದ ಎರಡು ಶಾಲೆಗಳಲ್ಲಿ ಒಂದೊಂದರ ನಿಧಿಯೂ 100 ಕೋಟಿ ಡಾಲರನ್ನು ಮೀರಿದೆ. ಮೂಲಧನವನ್ನು ಕರಗಿಸದೆ, ಹೂಡಿಕೆಯಿಂದ ಬಂದ ಫಲದಲ್ಲಿ ವರ್ಷಕ್ಕೆ ನಿಧಿಯ ನೂರಕ್ಕೆ ನಾಲ್ಕೈದರಷ್ಟನ್ನು ಮಾತ್ರ ತೆಗೆದು ಬಳಸುವುದು ಧರ್ಮದರ್ಶಿಗಳು ಸಾಮಾನ್ಯವಾಗಿ ಪಾಲಿಸುವ ಕ್ರಮ. ಸಹಾಯಧನದ ಬಹುಭಾಗ ಹುಟ್ಟುವುದು ಇಲ್ಲಿಂದಲೇ. ದತ್ತಿಯ ಪರಾಕಾಷ್ಠೆಯನ್ನು ನೋಡಬೇಕೆನ್ನುವವರು ಪೆನ್ಸಿಲ್ವೇನಿಯದ ಮಿಲ್ಟನ್ ಹರ್ಷಿ ಶಾಲೆಯ ವೃತ್ತಾಂತವನ್ನು ತಿಳಿಯಬೇಕು. ಚಾಕೊಲೇಟ್ ಉದ್ಯಮದಿಂದ ಅಪಾರ ಐಶ್ವರ್ಯವನ್ನು ಗಳಿಸಿದ ಮಿಲ್ಟನ್ ಹರ್ಷಿಯೂ ಆತನ ಪತ್ನಿ ಕ್ಯಾಥರಿನಳೂ, ಸಂತಾನವಿಲ್ಲದವರು, 1909ರಲ್ಲಿ ಆ ಶಾಲೆಯನ್ನು ಸ್ಥಾಪಿಸಿದರು. ಪತ್ನಿ ತೀರಿಕೊಂಡ ಮೇಲೆ 1918ರಲ್ಲಿ ಆತ ತನ್ನ ಕಂಪನಿಯ ಷೇರುಗಳನ್ನೇ ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟ. ಮೊದಲು ಬಿಳಿಯ ಅನಾಥ ಬಾಲಕರಿಗೆ ಮಾತ್ರ ಮೀಸಲಾಗಿದ್ದ ಆ ಶಾಲೆ ಇಂದು ಎಲ್ಲ ವರ್ಣಗಳ ಬಡ ಬಾಲಕಬಾಲಕಿಯರಿಗೆ ಊಟ, ವಸತಿ, ಬಟ್ಟೆ, ವೈದ್ಯೋಪಚಾರಗಳನ್ನೆಲ್ಲ ಶುಲ್ಕವಿಲ್ಲದೆ ಒದಗಿಸುತ್ತಿದೆ. ಅಲ್ಲಿ ಬಡತನವೇ ಪ್ರವೇಶಕ್ಕೆ ಬೇಕಾದ ಅರ್ಹತೆ. ನಮ್ಮ ಪ್ರಶ್ನೆಗೆ ವಿಷಯವಾದ ಶಾಲೆಗಳಾದರೋ ಸಿರಿವಂತರನ್ನೂ ಬಡವರನ್ನೂ ಒಂದೇ ಛಾವಣಿಯಡಿಯಲ್ಲಿ ಇರಿಸಿಕೊಳ್ಳತಕ್ಕವು. ಆದ್ದರಿಂದಲೇ ಅವಕ್ಕೆ ಅಳತೆಯ ಅಗತ್ಯ ಬಿದ್ದಿದೆ.

ಈ ಸಂಕಲ್ಪ ಈಚಿನದಲ್ಲ. ಆಂಡೋವರಿನ ಶಾಲೆಯನ್ನು 1778ರಲ್ಲಿ, ಸ್ವಾತಂತ್ರ್ಯಯುದ್ಧ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಸ್ಯಾಮ್ಯುಯೆಲ್ ಫಿಲಿಪ್ಸ್ ಎಂಬ ತರುಣ ಸ್ಥಾಪಿಸಿದ. ಅವನ ಚಿಕ್ಕಪ್ಪ ಜಾನ್ ಫಿಲಿಪ್ಸ್ 1781ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಎಕ್ಸಿಟರಿನಲ್ಲಿ ಇನ್ನೊಂದನ್ನು ಸ್ಥಾಪಿಸಿದ. ಅರ್ಹರಾದ ತರುಣರು ಯಾವ ದಿಕ್ಕಿನಿಂದ ಬಂದರೂ ಬಾಗಿಲು ಸಮಾನವಾಗಿ ತೆರೆದಿರತಕ್ಕದ್ದೆಂಬ ಆಶಯ ಆಂಡೋವರಿನ ಸ್ಥಾಪನಾಪತ್ರದಲ್ಲಿಯೇ ಇದೆ. ಆ ದಿಕ್ಕುಗಳ ಎಣಿಕೆಯೊಳಗೆ ಹೆಣ್ಣುಮಕ್ಕಳು ಸೇರಲು 1970ರ ದಶಕದವರೆಗೂ ಕಾಯಬೇಕಾಯಿತೆಂಬುದು ವ್ಯಸನಕರವಾದ ಸತ್ಯ. ಡ್ವೈಟ್ ಮೂಡಿ ಎಂಬ ಧರ್ಮೋಪದೇಶಕ 1879ರಲ್ಲಿ ಬಾಲಕಿಯರಿಗಾಗಿ ನಾರ್ತ್‌ಫೀಲ್ಡಿನಲ್ಲಿಯೂ, 1881ರಲ್ಲಿ ಬಾಲಕರಿಗಾಗಿ ಮೌಂಟ್ ಹರ್ಮನ್ನಿನಲ್ಲಿಯೂ, ಬಡ ಮಕ್ಕಳನ್ನೇ ಮುಖ್ಯವಾಗಿ ಉದ್ದೇಶಿಸಿ ಶಾಲೆಗಳನ್ನು ತೆರೆದಾಗ, ವಿದ್ಯಾರ್ಥಿಗಳೆಲ್ಲರೂ ಶಾಲೆಯ ಕೆಲಸದಲ್ಲಿ ಕೈಗೂಡಿಸಬೇಕೆಂಬ ನಿಯಮವಿಟ್ಟು ಶುಲ್ಕವನ್ನು ಇಳಿಸಿದ. ಇಂದು ಒಂದಾಗಿರುವ ಆ ಶಾಲೆಯಲ್ಲಿ ಸಹಾಯ ಪಡೆದವನೂ ಪಡೆಯದವನೂ ಈಗಲೂ ವಾರಕ್ಕೆ ಕೆಲವು ಗಂಟೆ ದುಡಿಯುತ್ತಾರೆ. ಸಹಾಯ ಪಡೆದ ಹುಡುಗರು ಮಾತ್ರ ಊಟದ ಮನೆಯಲ್ಲಿ ಮಿಕ್ಕವರಿಗೆ ಬಡಿಸಬೇಕೆಂಬ ಪದ್ಧತಿ ಬೇರೆಡೆಗಳಲ್ಲಿ ಒಂದು ಕಾಲಕ್ಕೆ ಇದ್ದುದನ್ನು ನೆನೆದರೆ, ಮೂಡಿಯ ನಿಯಮದಲ್ಲಿ ಅಡಗಿದ್ದ ಸೂಕ್ಷ್ಮತೆ ವಿದಿತವಾಗುತ್ತದೆ. 1963ರಲ್ಲಿ ‘ಎ ಬೆಟರ್ ಛಾನ್ಸ್’ ಎಂಬ ಸಂಸ್ಥೆ ಹುಟ್ಟಿ, ಬಡ ಬಡಾವಣೆಗಳ ಪ್ರತಿಭಾವಂತ ಮಕ್ಕಳನ್ನು ಹುಡುಕಿ ಇಂಥ ಶಾಲೆಗಳಿಗೆ ಕಳುಹಿಸತೊಡಗಿತು. ಷಿಕಾಗೋ ನಗರದ ದಕ್ಷಿಣ ಭಾಗದಿಂದ ಹಾಗೆ ಮಿಲ್ಟನ್ ಅಕಾಡೆಮಿಗೆ ಬಂದ ಡೆವಾಲ್ ಪ್ಯಾಟ್ರಿಕ್ 2007ರಿಂದ 2015ರ ವರೆಗೆ ಮ್ಯಾಸಚೂಸೆಟ್ಸಿನ ಗವರ್ನರ್ ಆಗಿದ್ದರು. ಗಾಯಕಿ ಟ್ರೇಸಿ ಚಾಪ್ಮನ್ ಅದೇ ಹಾದಿಯಲ್ಲಿ ಕನೆಕ್ಟಿಕಟ್ಟಿನ ವೂಸ್ಟರ್ ಶಾಲೆಯನ್ನು ಸೇರಿದವರು.

ಇನ್ನು ಅಳತೆಯ ವಿಚಾರ. ಅನೇಕ ಶಾಲೆಗಳು ತಂದೆತಾಯಿಯರಿಂದ ನೇರವಾಗಿ ಲೆಕ್ಕ ಕೇಳದೆ, ‘ಸ್ಕೂಲ್ ಅಂಡ್ ಸ್ಟೂಡೆಂಟ್ ಸರ್ವೀಸಸ್’ ಎಂಬ, ಎಸ್‌ಎಸ್‌ಎಸ್ ಎಂದೇ ಎಲ್ಲರೂ ಕರೆಯುವ ಮಧ್ಯಸ್ಥ ವ್ಯವಸ್ಥೆಯ ಮೂಲಕ ‘ಪೇರೆಂಟ್ಸ್ ಫೈನಾನ್ಷಿಯಲ್ ಸ್ಟೇಟ್‌ಮೆಂಟ್’ ಎಂಬ ಫಾರಂ ತುಂಬಿಸಿಕೊಳ್ಳುತ್ತವೆ. ಒಂದೇ ಫಾರಂ ಹಲವು ಶಾಲೆಗಳಿಗೆ ಸಲ್ಲುತ್ತದೆ. ಅದರೊಂದಿಗೆ ಟ್ಯಾಕ್ಸ್ ರಿಟರ್ನಿನ ಪ್ರತಿಗಳನ್ನೂ ಸಂಬಳದ ದಾಖಲೆಗಳನ್ನೂ ಒಪ್ಪಿಸಬೇಕು. ತಂದೆತಾಯಿಯರು ವಿಚ್ಛೇದನ ಹೊಂದಿದ್ದರೂ, ಮಗು ಯಾರ ಬಳಿಯಲ್ಲಿಯೇ ಇರಲಿ, ಇಬ್ಬರೂ ಬೇರೆಬೇರೆಯಾಗಿ ಲೆಕ್ಕ ಕೊಡಬೇಕೆಂಬುದು ಸಾಮಾನ್ಯ ನಿಯಮ. ನ್ಯಾಯಾಲಯ ವಿಧಿಸಿದ ಹೊಣೆ ಬೇರೆ, ಮಗುವಿನ ವಿದ್ಯೆಯ ಹೊಣೆ ಬೇರೆ ಎಂಬುದು ಶಾಲೆಗಳ ನಿಲುವು.

ಲೆಕ್ಕ ಸಾಗುವ ಕ್ರಮವನ್ನು ತಿಳಿದುಕೊಂಡವರಿಗೆ ಅದರ ಭಯ ಬಹುಮಟ್ಟಿಗೆ ಕಳೆಯುತ್ತದೆ. ತೆರಿಗೆಗೆ ಒಳಪಟ್ಟ ವರಮಾನವನ್ನೂ ಒಳಪಡದ ವರಮಾನವನ್ನೂ ಕೂಡಿಸಿ, ಅದರಿಂದ ತೆರಿಗೆಗಳನ್ನೂ, ಮಿತಿಮೀರಿದ ವೈದ್ಯಕೀಯ ವೆಚ್ಚವನ್ನೂ, ಮನೆಮಂದಿಯ ಸಂಖ್ಯೆಗೆ ತಕ್ಕಂತೆ ಜೀವನಾವಶ್ಯಕವೆಂದು ಗೊತ್ತುಮಾಡಿದ ಮೊತ್ತವನ್ನೂ, ವಾಸಿಸುವ ಊರಿನ ದುಬಾರಿಯನ್ನು ಗಮನಿಸಿ, ಕಳೆಯುತ್ತಾರೆ. ಬಳಿಕ ಆಸ್ತಿಯನ್ನು ನೋಡುತ್ತಾರೆ: ಬ್ಯಾಂಕಿನಲ್ಲಿರುವ ಹಣ, ಷೇರು, ಸ್ವಂತ ಮನೆಯ ಬೆಲೆಯಲ್ಲಿ ಸಾಲ ಕಳೆದು ಉಳಿದ ಪಾಲು, ಇವುಗಳ ಒಂದಂಶ ಗಣನೆಗೆ ಬರುತ್ತದೆ, ನಿವೃತ್ತಿಗೆಂದು 401ಕೆ ಮೊದಲಾದ ಖಾತೆಗಳಲ್ಲಿ ಕೂಡಿಟ್ಟದ್ದು ಸಾಮಾನ್ಯವಾಗಿ ಬರುವುದಿಲ್ಲ. ನಮ್ಮವರು ವಿಶೇಷವಾಗಿ ಲಕ್ಷಿಸಬೇಕಾದದ್ದು ಇಲ್ಲೊಂದಿದೆ. ವಾಸದ ಮನೆಯಲ್ಲದೆ ಬೇರೆ ಸ್ಥಿರಾಸ್ತಿಯಿದ್ದರೆ ತಿಳಿಸಬೇಕೆಂದು ಫಾರಂ ಕೇಳುತ್ತದೆ. ಬೆಂಗಳೂರಿನ ಫ್ಲ್ಯಾಟು, ಮೈಸೂರಿನ ಸೈಟು ಸಮುದ್ರದಾಚೆ ಇವೆಯೆಂಬ ಕಾರಣದಿಂದ ಬಿಟ್ಟುಹೋಗತಕ್ಕವಲ್ಲ. ಸ್ವಂತ ವ್ಯಾಪಾರವುಳ್ಳವರು ತೆರಿಗೆಗಾಗಿ ತೋರಿಸಿದ ಸವಕಳಿಯನ್ನು ಅನೇಕ ಶಾಲೆಗಳು ವರಮಾನಕ್ಕೆ ಮರಳಿ ಸೇರಿಸಿಕೊಳ್ಳುತ್ತವೆ. ಎಳೆಯ ಮಕ್ಕಳಿಲ್ಲದಿದ್ದೂ ದಂಪತಿಗಳಲ್ಲೊಬ್ಬರು ಸ್ವಂತ ಇಚ್ಛೆಯಿಂದ ಉದ್ಯೋಗ ಮಾಡದೆ ಮನೆಯಲ್ಲಿದ್ದರೆ, ಕೆಲವು ಶಾಲೆಗಳು ಅವರೂ ಇಷ್ಟು ದುಡಿಯಬಹುದಾಗಿತ್ತೆಂದು ಒಂದು ಮೊತ್ತವನ್ನು ಊಹಿಸಿ ಕೂಡಿಸುವುದೂ ಉಂಟು. ಕೊನೆಗೆ, ಶುಲ್ಕ ತೆತ್ತು ಓದುವ ಮಕ್ಕಳು ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟಕ್ಕೂ ಹಂಚಿ, ಈ ಮಗುವಿನ ಪಾಲಿಗೆ ಈ ಸಂಸಾರ ವರ್ಷಕ್ಕೆ ಇಷ್ಟು ಕೊಡಬಲ್ಲದೆಂಬ ಅಂಕಿಯೊಂದನ್ನು ತೆಗೆಯುತ್ತಾರೆ. ಎಸ್‌ಎಸ್‌ಎಸ್ ಒದಗಿಸುವುದು ಸಲಹೆಯಷ್ಟೆ. ಅಂತಿಮ ನಿರ್ಣಯ ಆಯಾ ಶಾಲೆಯ ಧನಸಹಾಯ ಕಚೇರಿಯದು. ಆದ್ದರಿಂದ ಒಂದೇ ಸಂಸಾರಕ್ಕೆ ಎರಡು ಶಾಲೆಗಳಿಂದ ಎರಡು ಬೇರೆ ಅಂಕಿಗಳು ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಶುಲ್ಕದಿಂದ ಈ ಅಂಕಿಯನ್ನು ಕಳೆದರೆ ಉಳಿಯುವುದೇ ಸಂಸಾರದ ಕೊರತೆ. ಇದರಿಂದ ಹೊರಡುವ ಒಂದು ಫಲಿತಾಂಶವನ್ನು ನಮ್ಮವರಲ್ಲಿ ಅನೇಕರು ಗಮನಿಸಿದಂತಿಲ್ಲ. ಒಂದು ಸಂಸಾರ ವರ್ಷಕ್ಕೆ 20,000 ಡಾಲರು ಕೊಡಬಲ್ಲದೆಂದು ಗೊತ್ತಾಯಿತೆನ್ನೋಣ. 70,000 ಡಾಲರು ಶುಲ್ಕದ ವಸತಿಶಾಲೆ ಕೊರತೆಯನ್ನು ಪೂರ್ಣವಾಗಿ ತುಂಬುವುದಾದರೆ 50,000 ಡಾಲರನ್ನು ತಾನೇ ಕೊಡುತ್ತದೆ. 40,000 ಡಾಲರು ಶುಲ್ಕದ, ಆದರೆ ನಿಧಿ ಕಡಮೆಯಿರುವ ಇನ್ನೊಂದು ಶಾಲೆ 20,000 ಡಾಲರಿನ ಕೊರತೆಯಲ್ಲಿ 10,000ವನ್ನು ಮಾತ್ರ ಕೊಡಬಲ್ಲದಾದರೆ, ಅಗ್ಗವೆಂದು ಕಂಡ ಆ ಶಾಲೆಗೆ ಸಂಸಾರ ತೆರಬೇಕಾದದ್ದು 30,000. ಅಚ್ಚಾದ ಶುಲ್ಕವನ್ನು ನೋಡಿ ಬೆದರಿ, ದೊಡ್ಡ ಶಾಲೆಯನ್ನು ಪಟ್ಟಿಯಿಂದ ತೆಗೆದುಹಾಕಿದ ಎಷ್ಟೋ ಮಂದಿ ತಮಗೆ ನಿಜವಾಗಿ ಸುಲಭವಾಗಬಹುದಾಗಿದ್ದ ಬಾಗಿಲನ್ನು ತಾವೇ ಮುಚ್ಚಿಕೊಂಡಿದ್ದಾರೆಂಬುದು ನನ್ನ ದೃಢವಾದ ಅಭಿಪ್ರಾಯ.

ಶುಲ್ಕಕ್ಕಿಂತ ಮುಖ್ಯವಾಗಿ ವಿಚಾರಿಸಬೇಕಾದ ಪ್ರಶ್ನೆ ಇನ್ನೊಂದಿದೆ: ಪ್ರವೇಶದ ನಿರ್ಣಯ ಮಾಡುವವರು ಸಂಸಾರದ ಹಣಕಾಸನ್ನು ನೋಡುವರೋ ಇಲ್ಲವೋ? ನೋಡದ ಶಾಲೆಗಳಿಗೆ ಅಲ್ಲಿನವರು ‘ನೀಡ್-ಬ್ಲೈಂಡ್’ ಎಂದು ಹೆಸರಿಟ್ಟಿದ್ದಾರೆ. ಆಂಡೋವರಿನ ಧರ್ಮದರ್ಶಿಗಳು 2007ರಲ್ಲಿ ಈ ನೀತಿಯನ್ನು ಅಂಗೀಕರಿಸಿದರು. ಎಕ್ಸಿಟರ್ 2021ರಲ್ಲಿ ಅದನ್ನು ಘೋಷಿಸಿತು. ವಸತಿಶಾಲೆಗಳ ಪ್ರಪಂಚದಲ್ಲಿ ಇಂಥ ಶಾಲೆಗಳು ತೀರ ವಿರಳ. ಮಿಕ್ಕವುಗಳಲ್ಲಿ ವರ್ಷದ ಸಹಾಯಧನಕ್ಕೆ ಒಂದು ನಿಶ್ಚಿತ ಮೊತ್ತವಿರುತ್ತದೆ. ಆಯ್ಕೆ ನಡೆಯುತ್ತ ನಡೆಯುತ್ತ ಆ ಮೊತ್ತ ತೀರುವ ಹಂತಕ್ಕೆ ಬಂದಾಗ, ಸಮಾನ ಯೋಗ್ಯತೆಯ ಇಬ್ಬರಲ್ಲಿ ಹಣ ಕೇಳದವನಿಗೆ ಸ್ಥಾನ ದೊರೆತು, ಕೇಳಿದವನು ಕಾಯುವವರ ಪಟ್ಟಿಗೆ ಸೇರುವ ಸಂಭವ ಇದ್ದೇ ಇದೆ. ಇದು ಕಠೋರವೆನಿಸಿದರೂ, ಅಂಥ ಶಾಲೆಗಳು ಅದನ್ನು ಮರೆಮಾಚದೆ ಹೇಳುವುದು ಮೆಚ್ಚತಕ್ಕ ವಿಷಯ. ಪ್ರವೇಶ ಕೊಟ್ಟವರ ಕೊರತೆಯನ್ನು ಪೂರ್ಣವಾಗಿ ತುಂಬುವ ಶಾಲೆ ಯಾವುದು, ಅರ್ಧ ತುಂಬಿ ಕೈಬಿಡುವುದು ಯಾವುದು ಎಂಬುದನ್ನೂ ಜೊತೆಗೇ ಕೇಳಿ ತಿಳಿಯಬೇಕು. ಮೊದಲ ವರ್ಷ ಏನನ್ನೂ ಕೇಳದೆ ಸೇರಿಸಿಬಿಟ್ಟು ಎರಡನೆಯ ವರ್ಷ ಕೇಳೋಣವೆಂದು ಯೋಚಿಸುವವರಿಗೆ ಒಂದು ಎಚ್ಚರಿಕೆ: ಉದ್ಯೋಗ ಹೋದುದು, ಮನೆಯಲ್ಲಿ ಸಾವುನೋವು ಮುಂತಾದ ಹೊಸ ವಿಪತ್ತೊದಗಿದ ಹೊರತು, ಅನೇಕ ಶಾಲೆಗಳು ಅಂಥವರ ಅರ್ಜಿಯನ್ನು ಪುರಸ್ಕರಿಸುವುದಿಲ್ಲ. ಬೆಂಗಳೂರಿನಲ್ಲಿಯೇ ಇದ್ದು ಮಕ್ಕಳನ್ನು ಕಳುಹಿಸಬೇಕೆನ್ನುವವರಿಗೆ ದೊರೆಯುವ ಹಣ ಬಹಳ ಶಾಲೆಗಳಲ್ಲಿ ಇನ್ನೂ ಮಿತವಾದದ್ದು. ಅವರು ಪ್ರತಿಯೊಂದು ಶಾಲೆಗೂ ಮುಂಚಿತವಾಗಿ ಬರೆದು ವಿಚಾರಿಸುವುದು ಉಚಿತ.

ಇಷ್ಟೆಲ್ಲ ತಿಳಿದ ಮೇಲೆಯೂ ನಮ್ಮವರನ್ನು ಹಿಂದೆಳೆಯುವುದು ಲೆಕ್ಕದ ತೊಡಕಲ್ಲ, ಮನಸ್ಸಿನ ಸಂಕೋಚ. ನನ್ನ ಸೋದರಸೊಸೆಯ ಪತಿ, ಹಾಸನದ ಕಡೆಯವರು, ಆ ಫಾರಮ್ಮನ್ನು ಮೊದಲು ನೋಡಿದಾಗ, “ನಾವು ದುಡಿದು ತಿನ್ನುವವರು, ಮಾವ, ಕೈಯೊಡ್ಡುವುದು ನಮ್ಮ ಮನೆಯಲ್ಲಿ ನಡೆದುಬಂದದ್ದಲ್ಲ” ಎಂದು ಕಾಗದವನ್ನು ಪಕ್ಕಕ್ಕೆ ಸರಿಸಿದರು. ಆ ಮಾತಿನ ಹಿಂದಿದ್ದ ಸ್ವಾಭಿಮಾನವನ್ನು ನಾನು ಗೌರವಿಸುತ್ತೇನೆ. ಅವರ ತಾತನೇ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ವಾರಕ್ಕೆ ಏಳು ಮನೆಗಳ ಅನ್ನ ಕನ್ನಡನಾಡಿನ ಒಂದೆರಡು ತಲೆಮಾರುಗಳ ವಿದ್ಯೆಯನ್ನು ಪೊರೆಯಿತೆಂಬುದು ನಮ್ಮ ಸಮಾಜದ ಹಿರಿಮೆ. ಆದರೆ ಕೊಡುವವರ ಮುಖವನ್ನು ದಿನದಿನವೂ ನೋಡಿ ಉಣ್ಣಬೇಕಾಗಿದ್ದ ಆ ಬಾಲಕರ ಹೃದಯದಲ್ಲಿ ಕೃತಜ್ಞತೆಯ ಜೊತೆಯಲ್ಲಿ ಹೇಳಲಾರದ ವೇದನೆಯೂ ಇದ್ದಿತೆಂಬುದನ್ನು ಆ ಕಾಲದ ಹಿರಿಯರ ಬಾಯಿಂದಲೇ ನಾನು ಕೇಳಿದ್ದೇನೆ. ಸಿದ್ಧಗಂಗೆಯಂಥ ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಸಮಾನರಾದ್ದರಿಂದ ಆ ವೇದನೆ ಶಮನಗೊಂಡಿತು. ಈ ಶಾಲೆಗಳು ಇನ್ನೊಂದು ಬಗೆಯಲ್ಲಿ ಅದೇ ಕಾರ್ಯವನ್ನು ಸಾಧಿಸಿವೆ: ಕೊಟ್ಟವರು ಕಣ್ಮುಂದೆ ಇಲ್ಲ, ಪಡೆದವರಾರೆಂಬುದನ್ನು ಧನಸಹಾಯ ಕಚೇರಿ ಗೋಪ್ಯವಾಗಿಡುತ್ತದೆ, ಒಂದೇ ಕೋಣೆಯಲ್ಲಿ ಮಲಗುವ ಇಬ್ಬರು ಹುಡುಗರಲ್ಲಿ ಯಾರ ಮನೆ ಎಷ್ಟು ತೆರುತ್ತಿದೆಯೆಂಬುದು ತಾವಾಗಿ ಹೇಳಿಕೊಂಡ ಹೊರತು ಪರಸ್ಪರರಿಗೆ ತಿಳಿಯದು. ದೊರೆಯುವುದೂ ಬಹುಮಟ್ಟಿಗೆ ತೀರಿಸಬೇಕಾದ ಸಾಲವಲ್ಲ, ಅನುದಾನ. ದಾತನು ಅರ್ಜಿ ಬರಲಿ ಎಂಬ ಉದ್ದೇಶದಿಂದಲೇ ಬಿಟ್ಟುಹೋದ ಹಣಕ್ಕೆ ಅರ್ಜಿ ಹಾಕುವುದರಲ್ಲಿ ದೈನ್ಯವೆಲ್ಲಿಯದು? ಹೀಗೆಂದು ನಾನು ಅವರೊಡನೆ ವಾದಿಸಿದೆ, ಮತ್ತು ಇಂದಿಗೂ ಓದುಗರೊಡನೆ ವಾದಿಸಲು ಸಿದ್ಧನಿದ್ದೇನೆ.

ಈ ಪದ್ಧತಿ ನಿರ್ದೋಷವಾದುದೆಂದು ನಾನು ಹೇಳಲಾರೆ. ಅದರ ದೃಷ್ಟಿಗೆ ಬೀಳುವ ಸಂಸಾರವೆಂದರೆ ಪ್ರಧಾನವಾಗಿ ತಂದೆ, ತಾಯಿ, ಮಕ್ಕಳು. ಊರಿನಲ್ಲಿರುವ ವೃದ್ಧ ತಂದೆಯ ಡಯಾಲಿಸಿಸ್ಸಿಗೆಂದು ತಿಂಗಳುತಿಂಗಳೂ ಕಳುಹಿಸುವ ಹಣ, ತಂಗಿಯ ಮದುವೆಗಾಗಿ ಮಾಡಿದ ಸಾಲ, ಇವು ನಮ್ಮವರ ಪಾಲಿಗೆ ತಪ್ಪಿಸಿಕೊಳ್ಳಲಾಗದ ಧರ್ಮವಾಗಿದ್ದರೂ ಸೂತ್ರದ ಕಣ್ಣಿಗೆ ತಾವಾಗಿ ಕಾಣಿಸವು. ವಿಶೇಷ ವೆಚ್ಚಗಳನ್ನು ವಿವರಿಸಲು ಫಾರಂನಲ್ಲಿ ಸ್ಥಳವಿದೆ. ಅದನ್ನು ಬರಿದಾಗಿ ಬಿಡಬಾರದು. ನನ್ನ ಸೋದರಸೊಸೆ ಮಾವನವರ ಚಿಕಿತ್ಸೆಯ ವಿಷಯವನ್ನು ಒಂದು ಪುಟದಲ್ಲಿ ಸ್ಪಷ್ಟವಾಗಿ ಬರೆದು, ಆಸ್ಪತ್ರೆಯ ರಸೀದಿಗಳನ್ನೂ ಬ್ಯಾಂಕಿನ ದಾಖಲೆಗಳನ್ನೂ ಲಗತ್ತಿಸಿದಳು. ಶಾಲೆಯೊಂದರ ಕಚೇರಿಯಿಂದ ಹೆಚ್ಚಿನ ವಿವರ ಕೇಳಿ ಪತ್ರ ಬಂದು, ಆ ವೆಚ್ಚ ಲೆಕ್ಕದಲ್ಲಿ ಸೇರಿತು. ಇದಕ್ಕಿಂತ ಬಿಡಿಸಲು ಕಷ್ಟವಾದ ದೋಷ ಮಧ್ಯಮ ವರ್ಗದವರದು: ಅತಿ ಕಡಮೆ ವರಮಾನದವರಿಗೆ ಶುಲ್ಕವೇ ಇಲ್ಲದಿರಬಹುದು, ಸಿರಿವಂತರಿಗೆ ಅದರ ಚಿಂತೆಯೇ ಇಲ್ಲ, ನಡುವಿನವರಿಗಾದರೋ, ಸೂತ್ರ ಕೊಡಬಲ್ಲಿರೆಂದು ಹೇಳುವ ಮೊತ್ತ ನಿಜವಾದ ಜೀವನದಲ್ಲಿ ಕೈಗೆ ಎಟುಕುವಂತಿರುವುದಿಲ್ಲ. ಶಾಲೆಗಳು ತಮ್ಮ ಲೆಕ್ಕವನ್ನು ಇನ್ನಷ್ಟು ಬಹಿರಂಗವಾಗಿ ಮುಂಚಿತವಾಗಿಯೇ ಸಾರಬೇಕೆಂಬುದು ನನ್ನ ಆಗ್ರಹ. ವರ್ಷಕ್ಕೆ 75,000 ಡಾಲರಿಗೆ ಮೀರದ ವರಮಾನದ ಸಂಸಾರಗಳ ಮಕ್ಕಳಿಗೆ ಶುಲ್ಕವಿಲ್ಲವೆಂದು 2007ರಲ್ಲಿ ಎಕ್ಸಿಟರ್ ಘೋಷಿಸಿದಾಗ, ಯಾವ ಸೂತ್ರವನ್ನೂ ಅರಿಯದ ತಾಯಿಗೂ ತಿಳಿಯುವ ಭಾಷೆಯಲ್ಲಿ ಅದು ಮಾತಾಡಿತು. ನಡುವಿನ ವರಮಾನದವರಿಗೂ ಅಂಥ ಸರಳವಾದ ಮಾತು ದೊರೆಯಬೇಕು.

ಕಾಲದ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಪ್ರವೇಶದ ಅರ್ಜಿಯೂ ಧನಸಹಾಯದ ಫಾರಮ್ಮೂ ಬಹುತೇಕ ಶಾಲೆಗಳಿಗೆ ಜನವರಿ ಮಧ್ಯದಿಂದ ಫೆಬ್ರವರಿಯ ಆರಂಭದೊಳಗೆ ತಲಪಬೇಕು. ತಡವಾಗಿ ಬಂದವರ ಪಾಲಿಗೆ ನಿಧಿ ಬರಿದಾಗಿರುವುದೇ ಹೆಚ್ಚು. ಮಾರ್ಚ್ 10ರಂದು ನಿರ್ಣಯ ತಿಳಿಯುತ್ತದೆ, ಏಪ್ರಿಲ್ 10ರೊಳಗೆ ಉತ್ತರ ಕೊಡಬೇಕು. ನಡುವಣ ಆ ಒಂದು ತಿಂಗಳಲ್ಲಿ ಹೋಲಿಸಬೇಕಾದದ್ದು ಸಹಾಯದ ಮೊತ್ತವನ್ನಲ್ಲ, ಕೈಯಿಂದ ತೆರಬೇಕಾಗಿ ಉಳಿಯುವ ಮೊತ್ತವನ್ನು. ಅದಕ್ಕೆ ಪುಸ್ತಕ, ಲ್ಯಾಪ್‌ಟಾಪ್, ಚಳಿಗಾಲದ ಉಡುಪು, ರಜೆಗೆ ಮನೆಗೆ ಬಂದುಹೋಗುವ ಪ್ರಯಾಣ, ಸಂಗೀತ ಪಾಠದ ಪ್ರತ್ಯೇಕ ಶುಲ್ಕ ಇವನ್ನೂ ಸೇರಿಸಿ ನೋಡಬೇಕು, ಇವುಗಳಲ್ಲಿ ಯಾವುದಕ್ಕೆ ಶಾಲೆ ಸಹಾಯ ಮಾಡುವುದೆಂಬುದನ್ನು ಬರೆದು ಕೇಳಬೇಕು. ಕೊಟ್ಟದ್ದು ಸಾಲದೆಂದು ಕಂಡರೆ, ಫಾರಂ ತುಂಬಿದ ಮೇಲೆ ಬದಲಾದ ಸಂಗತಿಗಳನ್ನು ದಾಖಲೆಗಳೊಡನೆ ತಿಳಿಸಿ ಮರುಪರಿಶೀಲನೆಗೆ ಪ್ರಾರ್ಥಿಸಬಹುದು. ಆ ಪತ್ರವೂ ಏಪ್ರಿಲ್ 10ಕ್ಕೆ ಮೊದಲೇ ಹೋಗಬೇಕು. ಒಮ್ಮೆ ದೊರೆತ ಸಹಾಯ ನಾಲ್ಕು ವರ್ಷಕ್ಕೂ ಸ್ಥಿರವೆಂದು ತಿಳಿಯಬಾರದು. ಪ್ರತಿವರ್ಷವೂ ಹೊಸದಾಗಿ ಫಾರಂ ತುಂಬಬೇಕು, ಹೊಸದಾಗಿ ಲೆಕ್ಕವಾಗಬೇಕು. ಸಂಬಳ ಏರಿದ ವರ್ಷ ಸಹಾಯ ಇಳಿಯುತ್ತದೆ, ಸಂಸಾರದ ಭಾರ ಹೆಚ್ಚಿದ ವರ್ಷ ಏರುತ್ತದೆ: ನನ್ನ ಸೋದರಸೊಸೆಯ ಮಗಳು ಕಾಲೇಜು ಸೇರಿ ಮನೆಯಲ್ಲಿ ಶುಲ್ಕ ತೆರುವ ಮಕ್ಕಳು ಇಬ್ಬರಾದ ವರ್ಷ, ತಮ್ಮನ ಪಾಲಿಗೆ ಅವರು ಕೊಡಬೇಕಾದ ಮೊತ್ತವನ್ನು ಆ ಶಾಲೆ ಗಣನೀಯವಾಗಿ ತಗ್ಗಿಸಿತು.